ರೂಸ್‌ವೆಲ್ಟ್ ಅವರ ಹೃದಯ: ಹತ್ತು ವರ್ಷ ಏರುತ್ತಲೇ ಹೋದ ಬಿಪಿಯ ಪ್ರಕರಣ

1944ರ ಮಾರ್ಚ್ ಕೊನೆಯ ವಾರ. ಅಮೆರಿಕದ ಬೆಥೆಸ್ಡಾ ನೌಕಾಪಡೆ ಆಸ್ಪತ್ರೆಯಲ್ಲಿ ಹೃದಯತಜ್ಞ ಡಾ. ಹೋವರ್ಡ್ ಬ್ರೂನ್ ಅವರ ಮುಂದೆ 62 ವರ್ಷದ ರೋಗಿಯೊಬ್ಬರು ಇದ್ದರು. ತುಟಿ ಮತ್ತು ಉಗುರಿನ ಬುಡ ನೀಲಿಗಟ್ಟಿತ್ತು. ಸ್ವಲ್ಪ ಅಲುಗಾಡಿದರೂ ಏದುಸಿರು. ಬಿಪಿ 186/108. ರೋಗಿ ಬೇರೆ ಯಾರೂ ಅಲ್ಲ, ಅಧ್ಯಕ್ಷ ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್. ಮಹಾಯುದ್ಧ ನಡೆಯುತ್ತಿತ್ತು. ನಾರ್ಮಂಡಿ ದಾಳಿಗೆ ಎರಡು ತಿಂಗಳ ಮೇಲೆ ಸ್ವಲ್ಪ ದಿನ ಬಾಕಿ ಇತ್ತು.

ಬಿಪಿ ಜಾಸ್ತಿಯಾದರೆ ಹೃದಯಕ್ಕೆ ಏನಾಗುತ್ತದೆ, ಹೃದಯ ದೊಡ್ಡದಾಗುವುದು ಅಂದರೆ ಏನು, ಅದರ ಹಾರ್ಮೋನುಗಳು ಏನು ಮಾಡುತ್ತವೆ ಅಂತ ತಿಳಿಯಲು ಇದಕ್ಕಿಂತ ಚೆನ್ನಾಗಿ ದಾಖಲಾದ ಪ್ರಕರಣ ಸಿಗುವುದು ಕಷ್ಟ. ಹತ್ತು ವರ್ಷಗಳ ಬಿಪಿ ಲೆಕ್ಕ ಇದೆ. ಕೊನೆಯ ಒಂದು ವರ್ಷ ರೋಗಿಯನ್ನು ಹೆಚ್ಚುಕಡಿಮೆ ದಿನವೂ ನೋಡಿದ ವೈದ್ಯರ ಬರಹ ಇದೆ. ಬ್ರೂನ್ ಅದನ್ನು 1970ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇನ್ನೊಂದು ಕಾರಣವೂ ಇದೆ. ಆಗ ಬಿಪಿ ಇಳಿಸುವ ಒಳ್ಳೆಯ ಔಷಧಿ ಇರಲಿಲ್ಲ. ಹಾಗಾಗಿ ಯಾರೂ ತಡೆಯದೆ ಬಿಟ್ಟರೆ ಈ ಕಾಯಿಲೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಇಲ್ಲಿ ಪೂರ್ತಿ ಕಾಣುತ್ತದೆ. ಇವತ್ತು ಯಾವ ರೋಗಿಯಲ್ಲೂ ಅದನ್ನು ಹೀಗೆ ನೋಡಬಾರದು.

ಹಿಂದಿನ ಲೆಕ್ಕ

1935ರ ಜುಲೈನಲ್ಲಿ ರೂಸ್‌ವೆಲ್ಟ್ ಅವರ ಬಿಪಿ 136/78. ಅದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. 1937ರ ಏಪ್ರಿಲ್‌ನಲ್ಲಿ 162/98. 1940ರ ನವೆಂಬರ್‌ನಲ್ಲಿ 178/88. 1941ರ ಫೆಬ್ರವರಿಯಲ್ಲಿ 188/105. ಅಲ್ಲಿಂದ ಮುಂದೆ 1944ರವರೆಗೆ ಬ್ರೂನ್ ಅವರ ಬರಹದಲ್ಲಿ ಅಂಕಿ ಇಲ್ಲ.

ಈ ನಾಲ್ಕು ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿ. 1937ರಿಂದ 1944ರವರೆಗೆ, ಏಳು ವರ್ಷ, ಅವರ ಹೃದಯ ಎತ್ತರದ ಒತ್ತಡದ ವಿರುದ್ಧ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿದಿದೆ. ಹೊರಗೆ ಏನೂ ಕಾಣಲಿಲ್ಲ. ಅವರು ಭಾಷಣ ಮಾಡಿದರು, ಚುನಾವಣೆ ಗೆದ್ದರು, ಯುದ್ಧ ನಡೆಸಿದರು. 1921ರಲ್ಲಿ ಪೋಲಿಯೋ ತಗುಲಿ ಕಾಲಿನ ಬಲ ಹೋಗಿತ್ತು. ಹಾಗಾಗಿ ಮೆಟ್ಟಿಲು ಹತ್ತುವಾಗ ಸುಸ್ತು, ನಡೆಯುವಾಗ ಉಬ್ಬಸ ಅನ್ನುವಂಥ ಮೊದಲ ಸೂಚನೆಗಳು ಅವರಲ್ಲಿ ಬೇಗ ಕಾಣುವ ಸಾಧ್ಯತೆಯೇ ಕಡಿಮೆ ಇತ್ತು. ಈ ಮಾತನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಮಂಡಿನೋವಿನಿಂದ ಮನೆಯಲ್ಲೇ ಕೂತಿರುವ ನಮ್ಮ ಹಿರಿಯರಿಗೂ ಇದು ಅನ್ವಯಿಸುತ್ತದೆ. ಓಡಾಟವೇ ಇಲ್ಲದವರಿಗೆ ಉಸಿರು ಕಟ್ಟುವುದು ಗೊತ್ತಾಗುವ ಹೊತ್ತಿಗೆ ಕಾಯಿಲೆ ತುಂಬಾ ಮುಂದೆ ಹೋಗಿರುತ್ತದೆ.

1943ರ ಕೊನೆಯಲ್ಲಿ ಟೆಹರಾನ್ ಸಮ್ಮೇಳನದಿಂದ ಬಂದ ಮೇಲೆ ಅವರಿಗೆ ಜ್ವರ, ಕೆಮ್ಮು. ತಿಂಗಳುಗಳಾದರೂ ಸುಸ್ತು ಹೋಗಲಿಲ್ಲ. ಅವರ ಖಾಸಗಿ ವೈದ್ಯ ರಾಸ್ ಮ್ಯಾಕಿಂಟೈರ್ ಕಿವಿ, ಮೂಗು, ಗಂಟಲಿನ ತಜ್ಞ. ಕೊನೆಗೆ ಮಗಳು ಆನಾ ಪಟ್ಟು ಹಿಡಿದ ಮೇಲೆಯೇ ಪೂರ್ಣ ತಪಾಸಣೆ ನಡೆಯಿತು.

ಬ್ರೂನ್ ಕಂಡದ್ದು

ಹೃದಯದ ತುದಿಯ ಬಡಿತ ಸಾಮಾನ್ಯವಾಗಿ ಎಡ ಎದೆಯ ಐದನೇ ಪಕ್ಕೆಲುಬು ಸಂದಿಯಲ್ಲಿ ಕೈಗೆ ಸಿಗುತ್ತದೆ. ಇವರಲ್ಲಿ ಅದು ಆರನೇ ಸಂದಿಗೆ ಇಳಿದಿತ್ತು, ಎಡಕ್ಕೂ ಸರಿದಿತ್ತು. ಅಂದರೆ ಹೃದಯ ದೊಡ್ಡದಾಗಿದೆ. ತುದಿಯ ಬಳಿ ಮರ್ಮರ ಸದ್ದು ಕೇಳಿಸಿತು. ಮಹಾಪಧಮನಿಯ ಕವಾಟ ಮುಚ್ಚುವ ಸದ್ದು ಜೋರಾಗಿತ್ತು. ಆಚೆ ಬದಿಯಲ್ಲಿ ಒತ್ತಡ ಜಾಸ್ತಿ ಇದ್ದಾಗ ಕವಾಟ ಹಾಗೇ ಬಡಿದುಕೊಳ್ಳುತ್ತದೆ. ಶ್ವಾಸಕೋಶದ ತಳದಲ್ಲಿ ನೀರು ಸೇರಿದ ಚಿಟಚಿಟ ಶಬ್ದ ಇತ್ತು. ಕಣ್ಣಿನ ಒಳಪರದೆಯ ರಕ್ತನಾಳಗಳಲ್ಲೂ ಬಿಪಿಯ ಗುರುತು ಮೂಡಿತ್ತು. ಎಕ್ಸ್‌ರೇಯಲ್ಲಿ ಹೃದಯದ ನೆರಳು ಸಾಕಷ್ಟು ಹಿಗ್ಗಿತ್ತು, ಅದರಲ್ಲೂ ಎಡ ಕೆಳಕೋಣೆ. ಇಸಿಜಿಯಲ್ಲಿ ಎಡಭಾಗ ತೋರಿಸುವ ಗೆರೆಗಳಲ್ಲಿ ಟಿ ಅಲೆ ತಲೆಕೆಳಗಾಗಿತ್ತು, ಅದು ಹೃದಯದ ಸ್ನಾಯು ಹೊರೆಗೆ ಸಿಕ್ಕಿದ ಗುರುತು.

ಬ್ರೂನ್ ಬರೆದ ರೋಗನಿರ್ಣಯ: ಅಧಿಕ ರಕ್ತದೊತ್ತಡ, ಅದರಿಂದಾದ ಹೃದಯದ ಕಾಯಿಲೆ, ಎಡ ಕೆಳಕೋಣೆಯ ವೈಫಲ್ಯ (ಬೇಕಾದಷ್ಟು ರಕ್ತ ಮುಂದೆ ದೂಡಲಾಗದ ಸ್ಥಿತಿ), ಜೊತೆಗೆ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ).

ಗೋಡೆ ದಪ್ಪವಾದದ್ದು ಹೇಗೆ

ಆ ಏಳು ವರ್ಷಗಳಲ್ಲಿ ಒಳಗೆ ನಡೆದದ್ದನ್ನು ಈಗ ನಾವು ಹೇಳಬಲ್ಲೆವು. ಆಗ ಬ್ರೂನ್ ಅವರಿಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಗೇಟ್‌ವಾಲ್ವ್ ಅರ್ಧ ಮುಚ್ಚಿಟ್ಟು ಓಡಿಸುವ ಪಂಪ್‌ಸೆಟ್ಟಿನ ಪಾಡು ರೈತರಿಗೆ ಗೊತ್ತು. ಬಿಗಿಯಾದ ರಕ್ತನಾಳಗಳಿಗೆ ರಕ್ತ ದೂಡುವ ಎಡ ಕೆಳಕೋಣೆಯದ್ದೂ ಅದೇ ಪಾಡು. ಆದರೆ ಹೃದಯ ಜೀವಂತ ಸ್ನಾಯು, ಅದಕ್ಕೆ ತನ್ನನ್ನು ತಾನೇ ಬದಲಿಸಿಕೊಳ್ಳುವ ಶಕ್ತಿ ಇದೆ. ಕೋಣೆಯ ಗೋಡೆಯ ಮೇಲೆ ಬೀಳುವ ಎಳೆತಕ್ಕೆ ಒಂದು ಸರಳ ಲೆಕ್ಕ ಇದೆ. ಒಳಗಿನ ಒತ್ತಡ ಜಾಸ್ತಿಯಾದರೆ, ಅಥವಾ ಕೋಣೆ ಅಗಲವಾದರೆ ಎಳೆತ ಏರುತ್ತದೆ. ಗೋಡೆ ದಪ್ಪವಾದರೆ ಇಳಿಯುತ್ತದೆ. ಒತ್ತಡ ಇಳಿಸುವುದು ಹೃದಯದ ಕೈಯಲ್ಲಿಲ್ಲ. ಹಾಗಾಗಿ ಅದು ಗೋಡೆ ದಪ್ಪ ಮಾಡಿಕೊಳ್ಳುತ್ತದೆ. ವಯಸ್ಕರಲ್ಲಿ ಹೃದಯದ ಸ್ನಾಯುಕೋಶಗಳ ಸಂಖ್ಯೆ ಹೆಚ್ಚುವುದು ತೀರಾ ಕಡಿಮೆ. ಇರುವ ಕೋಶಗಳೇ ಉಬ್ಬುತ್ತವೆ. ಆರೋಗ್ಯವಂತ ಗಂಡಸರಲ್ಲಿ ಈ ಗೋಡೆ 6ರಿಂದ 10 ಮಿಲಿಮೀಟರ್ ದಪ್ಪ ಇರುತ್ತದೆ. ಬಿಪಿ ರೋಗಿಗಳಲ್ಲಿ ಅದು 12, 14 ಆಗುವುದನ್ನು ಎಕೋ (ಹೃದಯದ ಸ್ಕ್ಯಾನ್) ಮಾಡುವವರು ದಿನವೂ ನೋಡುತ್ತಾರೆ.

ವ್ಯಾಯಾಮದಿಂದಲೂ ಹೃದಯ ದಪ್ಪವಾಗುತ್ತದೆ, ಅಲ್ವಾ? ಹೌದು. ಓಟಗಾರರ ಹೃದಯ ದೊಡ್ಡದಾಗಿಯೇ ಇರುತ್ತದೆ. ಆದರೆ ಅಲ್ಲಿ ಹೊರೆ ಬಂದು ಹೋಗುತ್ತದೆ, ಸ್ನಾಯುವಿನ ಜೊತೆಗೆ ಸಣ್ಣ ರಕ್ತನಾಳಗಳೂ ಬೆಳೆಯುತ್ತವೆ, ಮೃದುತ್ವ ಉಳಿಯುತ್ತದೆ. ಬಿಪಿಯ ಹೊರೆಗೆ ರಾತ್ರಿಯಿಲ್ಲ, ಹಗಲಿಲ್ಲ. ದಪ್ಪವಾದ ಸ್ನಾಯುವಿಗೆ ಬೇಕಾದಷ್ಟು ರಕ್ತನಾಳ ಬೆಳೆಯುವುದಿಲ್ಲ. ಆಂಜಿಯೋಟೆನ್ಸಿನ್, ಆಲ್ಡೋಸ್ಟೆರೋನ್, ಎಂಡೋಥೆಲಿನ್ ಎಂಬ ರಾಸಾಯನಿಕಗಳು ಕೋಶಗಳನ್ನು ಉಬ್ಬಿಸುವುದರ ಜೊತೆಗೆ ನಡುವೆ ನಾರನ್ನೂ ತುಂಬುತ್ತವೆ. ಹೃದಯ ಗಡುಸಾಗುತ್ತದೆ. ಗಡುಸಾದ ಹೃದಯ ಹಿಂಡಬಲ್ಲದು, ಆದರೆ ಸಡಿಲಗೊಂಡು ರಕ್ತ ತುಂಬಿಸಿಕೊಳ್ಳಲು ಕಷ್ಟಪಡುತ್ತದೆ. ತುಂಬಲಾಗದ ರಕ್ತ ಹಿಂದೆ ಶ್ವಾಸಕೋಶದ ಕಡೆ ಒತ್ತುತ್ತದೆ. ಬ್ರೂನ್ ಕೇಳಿದ ಚಿಟಚಿಟ ಶಬ್ದ ಅಲ್ಲಿಂದ ಬಂದದ್ದು. ಇನ್ನೂ ಮುಂದುವರಿದರೆ ಹಿಂಡುವ ಬಲವೂ ಕುಗ್ಗಿ, ಕೋಣೆ ಅಗಲವಾಗುತ್ತದೆ. ರೂಸ್‌ವೆಲ್ಟ್ ಅವರ ಎಕ್ಸ್‌ರೇಯಲ್ಲಿ ಕಂಡದ್ದರಲ್ಲಿ ದಪ್ಪವೂ ಇತ್ತು, ಅಗಲವೂ ಇತ್ತು ಎಂಬುದು ನನ್ನ ಅಂದಾಜು. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಹೃದಯದ ಹಾರ್ಮೋನುಗಳು

1956ರಲ್ಲಿ ಎರಡು ಸಂಗತಿ ಹೊರಬಂದವು. ನಾಯಿಗಳ ಹೃದಯದ ಎಡ ಮೇಲಿನ ಕೋಣೆಯಲ್ಲಿ ಪುಟ್ಟ ಬಲೂನು ಉಬ್ಬಿಸಿದರೆ ಮೂತ್ರ ಜಾಸ್ತಿಯಾಗುತ್ತದೆ ಅಂತ ಒಂದು ತಂಡ ತೋರಿಸಿತು. ಅದೇ ವರ್ಷ ಬ್ರೂನೋ ಕಿಷ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗಿನಿಯಿಲಿಯ ಹೃದಯದ ಮೇಲಿನ ಕೋಣೆಯಲ್ಲಿ ಸಣ್ಣ ಸಣ್ಣ ಕಣಗಳನ್ನು ಕಂಡರು. ಹಾರ್ಮೋನು ಮಾಡುವ ಗ್ರಂಥಿಗಳಲ್ಲಿ ಇರುವಂಥ ಕಣಗಳು ಹೃದಯದಲ್ಲಿ ಯಾಕಿವೆ? ಉತ್ತರ ಸಿಗಲು 25 ವರ್ಷ ಬೇಕಾಯಿತು.

1981ರಲ್ಲಿ ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಅಡಾಲ್ಫೋ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃದಯದ ಮೇಲಿನ ಕೋಣೆಯ ಸಾರ ತೆಗೆದು ಬೇರೆ ಇಲಿಗಳಿಗೆ ಚುಚ್ಚಿದರು. ಮೂತ್ರದಲ್ಲಿ ಹೋಗುವ ಸೋಡಿಯಂ 30 ಪಟ್ಟಿಗೂ ಹೆಚ್ಚಾಯಿತು, ಮೂತ್ರ ಸುಮಾರು 10 ಪಟ್ಟಾಯಿತು, ಬಿಪಿ ಇಳಿಯಿತು. ಕೆಳಕೋಣೆಯ ಸಾರ ಚುಚ್ಚಿದಾಗ ಹೀಗಾಗಲಿಲ್ಲ. ಇಷ್ಟು ಸರಳವಾದ, ಇಷ್ಟು ಸ್ಪಷ್ಟವಾದ ಪ್ರಯೋಗ ವೈದ್ಯ ವಿಜ್ಞಾನದಲ್ಲಿ ಅಪರೂಪ. ಆ ಸಾರದಲ್ಲಿ ಇದ್ದದ್ದೇ ಎಎನ್‌ಪಿ ಎಂಬ ಹಾರ್ಮೋನು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಯ ಮೆದುಳಿನಲ್ಲಿ ಅದರ ತಂಗಿಯನ್ನು ಕಂಡುಹಿಡಿದರು, ಅದು ಬಿಎನ್‌ಪಿ. ಮನುಷ್ಯರಲ್ಲಿ ಅದು ಮುಖ್ಯವಾಗಿ ತಯಾರಾಗುವುದು ಹೃದಯದ ಕೆಳಕೋಣೆಯಲ್ಲಿ ಅಂತ ಆಮೇಲೆ ಗೊತ್ತಾಯಿತು.

ಎಎನ್‌ಪಿ ಕಣಗಳಲ್ಲಿ ಸಂಗ್ರಹವಾಗಿ ಕಾದಿರುತ್ತದೆ. ಮೇಲಿನ ಕೋಣೆ ಹಿಗ್ಗಿದ ಕೂಡಲೇ ಹೊರಬೀಳುತ್ತದೆ. ಬಿಎನ್‌ಪಿಗೆ ಅಷ್ಟೊಂದು ಸಂಗ್ರಹ ಇಲ್ಲ. ಕೆಳಕೋಣೆಯ ಗೋಡೆ ಎಳೆತಕ್ಕೆ ಸಿಕ್ಕಾಗ ಅದರ ಜೀನ್ ಚುರುಕಾಗಿ ಹೊಸದಾಗಿ ತಯಾರಾಗುತ್ತದೆ. ಎರಡೂ ಮಾಡುವ ಕೆಲಸ ಒಂದೇ ದಿಕ್ಕಿನದು. ಉಪ್ಪು ನೀರನ್ನು ಕಿಡ್ನಿಯ ಮೂಲಕ ಹೊರಹಾಕುತ್ತವೆ, ರಕ್ತನಾಳ ಸಡಿಲಿಸುತ್ತವೆ, ಬಿಪಿ ಏರಿಸುವ ರೆನಿನ್ ಮತ್ತು ಆಲ್ಡೋಸ್ಟೆರೋನ್ ಹಿಡಿತದಲ್ಲಿಡುತ್ತವೆ.

ಇಷ್ಟೇ ಆಗಿದ್ದರೆ ಇದು ಕಿಡ್ನಿಯ ಕತೆಯಾಗುತ್ತಿತ್ತು. ಈ ಹಾರ್ಮೋನುಗಳು ಹೃದಯವನ್ನೂ ಕಾಯುತ್ತವೆ. ಇವು ಕೋಶಕ್ಕೆ ಬಂದು ಅಂಟಿಕೊಳ್ಳುವ ಜಾಗವೇ (ರಿಸೆಪ್ಟರ್) ಇಲ್ಲದಂತೆ ಹುಟ್ಟಿಸಿದ ಇಲಿಗಳಲ್ಲಿ ಬಿಪಿ ಏರಿತು, ಹೃದಯ ದಪ್ಪವಾಯಿತು. ಬಿಪಿ ಒಂದರಿಂದಲೇ ಆಗಬಹುದಾದ್ದಕ್ಕಿಂತ ಜಾಸ್ತಿ ದಪ್ಪವಾಯಿತು. ಬಿಎನ್‌ಪಿ ಇಲ್ಲದ ಇಲಿಗಳ ಹೃದಯದಲ್ಲಿ ನಾರು ಬೆಳೆಯಿತು. ಅಂದರೆ ಗೋಡೆ ಉಬ್ಬುವುದಕ್ಕೂ ನಾರು ತುಂಬುವುದಕ್ಕೂ ಹೃದಯ ಒಳಗಿನಿಂದಲೇ ಕಡಿವಾಣ ಹಾಕುತ್ತಿರುತ್ತದೆ. ಹುಟ್ಟುಗುಣದಿಂದಲೇ ಈ ಹಾರ್ಮೋನು ಸ್ವಲ್ಪ ಜಾಸ್ತಿ ಇರುವವರಿಗೆ ಬಿಪಿ ಸ್ವಲ್ಪ ಕಡಿಮೆ ಇರುತ್ತದೆ ಎಂದು 2009ರಲ್ಲಿ ಪ್ರಕಟವಾದ ಜೀನ್ ಅಧ್ಯಯನ ತೋರಿಸಿತು.

ಹಾಗಿದ್ದರೆ ಹೃದಯ ವಿಫಲವಾಗುವಾಗ ಈ ಹಾರ್ಮೋನು ರಕ್ತದಲ್ಲಿ ಎಷ್ಟೋ ಪಟ್ಟು ಏರಿದ್ದರೂ ಯಾಕೆ ಗೆಲ್ಲುವುದಿಲ್ಲ? ಓದುವವರಿಗೆ ಈ ಪ್ರಶ್ನೆ ಬರಲೇಬೇಕು. ಕಾರಣ ಒಂದಲ್ಲ. ಎದುರಾಳಿಗಳಾದ ಆಂಜಿಯೋಟೆನ್ಸಿನ್ ಮತ್ತು ಅಡ್ರಿನಲಿನ್ ಬಳಗ ಅಷ್ಟೇ ಜೋರಾಗಿ ಏರಿರುತ್ತವೆ. ಕಿಡ್ನಿಗೆ ರಕ್ತ ಕಡಿಮೆಯಾಗಿ ಅದು ಹಾರ್ಮೋನಿನ ಮಾತು ಕೇಳುವುದು ಕಡಿಮೆಯಾಗುತ್ತದೆ. ಪ್ರೋಬಿಎನ್‌ಪಿ ಎಂಬ ಉದ್ದದ ಎಳೆ ಸರಿಯಾಗಿ ತುಂಡಾದರೆ ಮಾತ್ರ ಕೆಲಸದ ಬಿಎನ್‌ಪಿ ಸಿಗುತ್ತದೆ. ವಿಫಲವಾದ ಹೃದಯದಿಂದ ತುಂಡಾಗದ ಎಳೆಗಳೇ ಸಾಕಷ್ಟು ಹೊರಬರುತ್ತವೆ. ನೆಪ್ರಿಲೈಸಿನ್ ಎಂಬ ಕಿಣ್ವ ಇರುವ ಹಾರ್ಮೋನನ್ನೂ ಕತ್ತರಿಸುತ್ತಿರುತ್ತದೆ. ಮೂಲ ಕಾರಣವಾದ ಬಿಪಿ ಹಾಗೇ ಇದ್ದರೆ, ಎಷ್ಟು ಹಾರ್ಮೋನು ಸುರಿಸಿದರೂ ಹೃದಯ ಸೋಲುತ್ತದೆ.

ರೂಸ್‌ವೆಲ್ಟ್ ಅವರ ಬಿಎನ್‌ಪಿಯನ್ನು ಯಾರೂ ಅಳೆದಿಲ್ಲ, ಆ ಹೆಸರೇ ಆಗ ಇರಲಿಲ್ಲ. ಆದರೆ ಅದೇ ಲಕ್ಷಣಗಳೊಂದಿಗೆ ಇವತ್ತು ಒಬ್ಬರು ಎಮರ್ಜೆನ್ಸಿಗೆ ಬಂದರೆ ವೈದ್ಯರು ಮೊದಲ ಗಂಟೆಯಲ್ಲೇ ಈ ರಕ್ತಪರೀಕ್ಷೆ ಕಳಿಸುತ್ತಾರೆ. ಉಸಿರಾಟದ ತೊಂದರೆಯಿಂದ ಬಂದ 1,586 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ, ಒಂದು ಮಿಲಿಲೀಟರಿನಲ್ಲಿ ಬಿಎನ್‌ಪಿ 100 ಪಿಕೋಗ್ರಾಂ ದಾಟಿದರೆ ಹೃದಯದ ಕಡೆ ನೋಡಿ ಎಂಬ ಗಡಿಯನ್ನು ಗಟ್ಟಿ ಮಾಡಿತು. ಬೆಥೆಸ್ಡಾದ ಆ ರೋಗಿಯಲ್ಲಿ ಅದು ಖಂಡಿತ ಈ ಗಡಿ ದಾಟಿರುತ್ತಿತ್ತು ಅಂತ ನಾನು ನಂಬುತ್ತೇನೆ. ತಿಂಗಳುಗಟ್ಟಲೆ ಬ್ರಾಂಕೈಟಿಸ್ ಅಂತ ನೋಡಿಕೊಂಡ ಕೆಮ್ಮಿನ ಹಿಂದೆ ಹೃದಯ ಇದೆ ಎಂಬುದು ಒಂದು ಸಣ್ಣ ಟ್ಯೂಬ್ ರಕ್ತದಲ್ಲಿ ಗೊತ್ತಾಗುತ್ತಿತ್ತು.

ಚಿಕಿತ್ಸೆ, ಆಮೇಲಿನ ವರ್ಷ

ಬ್ರೂನ್ ಮೊದಲು ಕೇಳಿದ್ದು ಒಂದೆರಡು ವಾರ ಪೂರ್ತಿ ಹಾಸಿಗೆ ವಿಶ್ರಾಂತಿ. ಅಧ್ಯಕ್ಷರಿಗೆ ಅದು ಸಾಧ್ಯವಿಲ್ಲ ಅಂತ ತಳ್ಳಿಹಾಕಿದರು. ಹೃದಯಕ್ಕೆ ಬಲ ಕೊಡುವ ಡಿಜಿಟಾಲಿಸ್ ಎಂಬ ಔಷಧಿ ಕೊಡಬೇಕೋ ಬೇಡವೋ ಎಂಬ ಬಗ್ಗೆ ಹಿರಿಯ ತಜ್ಞರ ನಡುವೆ ಚರ್ಚೆಯಾಯಿತು. ಬ್ರೂನ್ ಪಟ್ಟು ಬಿಡಲಿಲ್ಲ, ಕೊನೆಗೆ ಕೊಟ್ಟರು. ಊಟ ಹಗುರ ಮಾಡಿದರು, ತೂಕ ಇಳಿಸಿದರು, ಸಿಗರೇಟು ಕಡಿಮೆ ಮಾಡಿಸಿದರು, ಮಂಚದ ತಲೆಭಾಗ ಎತ್ತರಿಸಿದರು.

ಎರಡು ವಾರದೊಳಗೆ ಶ್ವಾಸಕೋಶ ತಿಳಿಯಾಯಿತು. ಕೆಮ್ಮು ನಿಂತಿತು. ಎಕ್ಸ್‌ರೇಯಲ್ಲಿ ಹೃದಯದ ನೆರಳು ಚಿಕ್ಕದಾಗಿತ್ತು. ನಾನು ಮೇಲೆ ಹೇಳಿದ ಅಂದಾಜಿಗೆ ಇದೇ ಆಧಾರ. ಎರಡು ವಾರದಲ್ಲಿ ದಪ್ಪ ಕರಗುವುದಿಲ್ಲ, ಅದಕ್ಕೆ ತಿಂಗಳುಗಳು ಬೇಕು. ಅಷ್ಟು ಬೇಗ ಇಳಿದದ್ದು ಕೋಣೆಯ ಹಿಗ್ಗು. ಡಿಜಿಟಾಲಿಸ್ ಹಿಂಡುವ ಬಲ ಹೆಚ್ಚಿಸಿತು, ಬಿಪಿಯನ್ನು ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ದಕ್ಷಿಣ ಕೆರೊಲಿನಾದ ಹಾಬ್‌ಕಾ ಬ್ಯಾರನಿ ಎಸ್ಟೇಟಿನಲ್ಲಿ ಒಂದು ತಿಂಗಳು ವಿಶ್ರಾಂತಿ ಸಿಕ್ಕಿತು. ಆಗಲೂ ಬಿಪಿ ಇಳಿಯಲಿಲ್ಲ.

ತಮಗೆ ಏನಾಗಿದೆ ಅಂತ ರೂಸ್‌ವೆಲ್ಟ್ ಒಮ್ಮೆಯೂ ಕೇಳಲಿಲ್ಲ ಎಂದು ಬ್ರೂನ್ ಬರೆದಿದ್ದಾರೆ. ಯಾಕೆ ಇಷ್ಟು ಇಸಿಜಿ, ಯಾಕೆ ಈ ಮಾತ್ರೆ, ಯಾವ ಪ್ರಶ್ನೆಯೂ ಇಲ್ಲ. ಮ್ಯಾಕಿಂಟೈರ್ ಜನರಿಗೆ, ಅಧ್ಯಕ್ಷರು ವಯಸ್ಸಿಗೆ ತಕ್ಕಂತೆ ಆರೋಗ್ಯವಾಗಿದ್ದಾರೆ ಎಂದೇ ಹೇಳುತ್ತಾ ಬಂದರು. ಇದು ನನಗೆ ಈ ಪ್ರಕರಣದ ಅತ್ಯಂತ ನೋವಿನ ಭಾಗ. ರೋಗಿಗೆ ಗೊತ್ತಿಲ್ಲದ ಕಾಯಿಲೆಯನ್ನು ರೋಗಿ ಸೇರಿ ಎದುರಿಸುವುದು ಹೇಗೆ?

ಆಗಸ್ಟ್‌ನಲ್ಲಿ ಬ್ರೆಮರ್ಟನ್‌ನಲ್ಲಿ ಭಾಷಣ ಮಾಡುವಾಗ ಎದೆನೋವು ಬಂತು. ಸೆಪ್ಟೆಂಬರ್‌ನಲ್ಲಿ ಕ್ವಿಬೆಕ್‌ನಲ್ಲಿ ಬಿಪಿ 240/130. ನವೆಂಬರ್‌ನಲ್ಲಿ ನಾಲ್ಕನೇ ಸಲ ಅಧ್ಯಕ್ಷರಾಗಿ ಗೆದ್ದರು. ಅದೇ ತಿಂಗಳ ಕೊನೆಯಲ್ಲಿ ಬಿಪಿ 260/150. 1945ರ ಫೆಬ್ರವರಿ 8ರಂದು, ಯಾಲ್ಟಾ ಸಮ್ಮೇಳನದಲ್ಲಿ ಪೋಲೆಂಡಿನ ಬಗ್ಗೆ ಬಿಸಿ ಚರ್ಚೆ ಮುಗಿದ ಮೇಲೆ, ಬ್ರೂನ್ ನಾಡಿ ಹಿಡಿದು ನೋಡಿದರು. ಒಂದು ಬಡಿತ ಬಲವಾಗಿ, ಮುಂದಿನದು ಸೋತಂತೆ, ಮತ್ತೆ ಬಲವಾಗಿ. ಎಡ ಕೆಳಕೋಣೆ ಕೊನೆಯ ಮೆಟ್ಟಿಲಿಗೆ ಬಂದಾಗ ಕಾಣುವ ಲಕ್ಷಣ ಇದು. ಕೆಲಸ ಕಡಿಮೆ ಮಾಡಿಸಿದ ಮೇಲೆ ಸರಿಹೋಯಿತು. ಬಿಪಿ ಸರಿಹೋಗಲಿಲ್ಲ.

1945ರ ಏಪ್ರಿಲ್ 12, ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್. ಮಧ್ಯಾಹ್ನ 1.15ರ ಸುಮಾರಿಗೆ ತಲೆಯ ಹಿಂಭಾಗದಲ್ಲಿ ಭಯಂಕರ ನೋವು ಅಂದವರು ಪ್ರಜ್ಞೆ ತಪ್ಪಿದರು. ಬ್ರೂನ್ ಅಳೆದಾಗ ಬಿಪಿ ಮೇಲಿನದು 300 ದಾಟಿತ್ತು, ಕೆಳಗಿನದು 190. ಮೆದುಳಿನಲ್ಲಿ ರಕ್ತಸ್ರಾವ. 3.35ಕ್ಕೆ ತೀರಿಕೊಂಡರು. ಮರಣೋತ್ತರ ಪರೀಕ್ಷೆ ಮಾಡಲಿಲ್ಲ. ಬೆಥೆಸ್ಡಾದ ಮೂಲ ಕಡತಗಳೂ ಆಮೇಲೆ ಸಿಗಲಿಲ್ಲ. ಮ್ಯಾಕಿಂಟೈರ್ ಇದು ಅನಿರೀಕ್ಷಿತ ಎಂದರು. ಹತ್ತು ವರ್ಷಗಳ ಅಂಕಿ ನೋಡಿದವರು ಹಾಗೆ ಹೇಳುವುದು ಕಷ್ಟ.

ಆಗ ಏನು ಮಾಡಬಹುದಿತ್ತು

ವೈದ್ಯರನ್ನು ಸುಮ್ನೆ ಬೈಯುವುದು ನ್ಯಾಯವಲ್ಲ. ಬಿಗಿಯಾದ ನಾಳಗಳಲ್ಲಿ ರಕ್ತ ಹರಿಯಲು ಹೆಚ್ಚಿನ ಒತ್ತಡ ಬೇಕೇ ಬೇಕು, ಅದನ್ನು ಇಳಿಸಿದರೆ ಅಪಾಯ ಅಂತ ದೊಡ್ಡ ದೊಡ್ಡ ತಜ್ಞರೇ ಆಗ ನಂಬಿದ್ದರು.

ಆದರೂ ಎರಡು ದಾರಿ ಕಣ್ಣಮುಂದೆ ಇದ್ದವು. ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ 1939ರಿಂದಲೇ ಬಿಪಿ ರೋಗಿಗಳಿಗೆ ಅನ್ನ, ಹಣ್ಣು, ಸಕ್ಕರೆ ಮಾತ್ರದ ಆಹಾರ ಕೊಡುತ್ತಿದ್ದರು. ಉಪ್ಪು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ತಿನ್ನಲು ತುಂಬಾ ಕಷ್ಟದ ಆಹಾರ ಅದು. ಆದರೆ ಬಿಪಿ ಇಳಿದವರ ಎಕ್ಸ್‌ರೇಗಳಲ್ಲಿ ಹಿಗ್ಗಿದ ಹೃದಯ ತಿಂಗಳುಗಳಲ್ಲಿ ಕುಗ್ಗಿದ್ದನ್ನು, ತಲೆಕೆಳಗಾದ ಟಿ ಅಲೆ ನೆಟ್ಟಗಾದದ್ದನ್ನು ಅವರು ತೋರಿಸಿದರು. ದೊಡ್ಡದಾದ ಹೃದಯ ಹಿಂದಕ್ಕೆ ಬರಬಲ್ಲದು ಎಂಬುದಕ್ಕೆ ಅದು ಮೊದಲ ಸಾಲಿನ ಸಾಕ್ಷಿ.

ಇನ್ನೊಂದು ದಾರಿ ನಮ್ಮ ದೇಶದ್ದು. ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆ ಎಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅದನ್ನು ಬ್ರಿಟಿಷ್ ಹೃದಯ ಪತ್ರಿಕೆಯಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದದ್ದು 1949ರಲ್ಲಿ. ಅದರಿಂದ ರೆಸರ್ಪಿನ್ ಎಂಬ ಬಿಪಿ ಔಷಧಿ ಬೇರ್ಪಟ್ಟದ್ದು 1952ರಲ್ಲಿ. ರೂಸ್‌ವೆಲ್ಟ್ ಅವರಿಗೆ ಅದು ತಲುಪಲಿಲ್ಲ.

ಬಿಪಿ ಇಳಿಸಿದರೆ ಜೀವ ಉಳಿಯುತ್ತದೆ ಎಂಬ ಗಟ್ಟಿ ಪುರಾವೆ ಬಂದದ್ದು 1967ರಲ್ಲಿ. ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ, ಕೆಳಗಿನ ಬಿಪಿ 115ರಿಂದ 129ರವರೆಗೆ ಇದ್ದ 143 ಗಂಡಸರ ಮೇಲೆ ಆ ಅಧ್ಯಯನ ನಡೆಯಿತು. ಅದರಲ್ಲಿ ಕೊಟ್ಟ ಮೂರು ಔಷಧಿಗಳಲ್ಲಿ ಒಂದು ರೆಸರ್ಪಿನ್.

ಇವತ್ತು ಇದೇ ರೋಗಿ ಬಂದರೆ

1937ರ 162/98ಕ್ಕೇ ಚಿಕಿತ್ಸೆ ಶುರುವಾಗುತ್ತದೆ. ಎಕೋದಲ್ಲಿ ಗೋಡೆಯ ದಪ್ಪ ಅಳೆಯುತ್ತಾರೆ. ದಪ್ಪ ಕಂಡರೆ ಆಂಜಿಯೋಟೆನ್ಸಿನ್ ತಡೆಯುವ ಮಾತ್ರೆಗಳಿಗೆ ಮೊದಲ ಆದ್ಯತೆ. 2002ರಲ್ಲಿ ಬಂದ ಅಧ್ಯಯನದಲ್ಲಿ, ಇಸಿಜಿಯಲ್ಲಿ ಹೃದಯ ದಪ್ಪವಾದ ಗುರುತಿದ್ದ 9,193 ಜನರಲ್ಲಿ ಅರ್ಧದಷ್ಟು ಜನಕ್ಕೆ ಆಂಜಿಯೋಟೆನ್ಸಿನ್ ತಡೆಯುವ ಲೊಸಾರ್ಟಾನ್, ಉಳಿದವರಿಗೆ ಬೇರೆ ಬಗೆಯ ಬಿಪಿ ಮಾತ್ರೆ ಅಟೆನೊಲಾಲ್ ಕೊಟ್ಟರು. ಬಿಪಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ಆದರೆ ಲೊಸಾರ್ಟಾನ್ ತೆಗೆದುಕೊಂಡವರ ಹೃದಯದ ದಪ್ಪ ಜಾಸ್ತಿ ಕರಗಿತು, ಪಾರ್ಶ್ವವಾಯು 25 ಪ್ರತಿಶತ ಕಡಿಮೆಯಾಯಿತು.

ಹಿಂಡುವ ಬಲ ಕುಗ್ಗಿ ಹೃದಯ ವಿಫಲವಾದವರಿಗೆ ಈಗ ಸಕ್ಯುಬಿಟ್ರಿಲ್ ಮತ್ತು ವಲ್ಸಾರ್ಟಾನ್ ಜೋಡಿ ಮಾತ್ರೆ ಇದೆ. ಸಕ್ಯುಬಿಟ್ರಿಲ್ ತಡೆಯುವುದು ಮೇಲೆ ಹೇಳಿದ ನೆಪ್ರಿಲೈಸಿನ್ ಕಿಣ್ವವನ್ನೇ. ಹೃದಯ ತಾನೇ ಸುರಿಸುವ ಹಾರ್ಮೋನು ಹೆಚ್ಚು ಹೊತ್ತು ಉಳಿಯುತ್ತದೆ. 2014ರ ಅಧ್ಯಯನದಲ್ಲಿ ಹಳೆಯ ಮಾತ್ರೆ ಎನಾಲಾಪ್ರಿಲ್‌ಗೆ ಹೋಲಿಸಿದರೆ, ಹೃದಯದ ಕಾರಣಕ್ಕೆ ಸಾಯುವುದು ಅಥವಾ ಆಸ್ಪತ್ರೆ ಸೇರುವುದು 20 ಪ್ರತಿಶತ ಕಡಿಮೆಯಾಯಿತು. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಿಎನ್‌ಪಿ ಏರಿದರೆ ಕಾಯಿಲೆ ಹೆಚ್ಚಿದೆ ಅಂತ ಹೇಳಲಾಗದು, ಅದಕ್ಕೆ ಮಾತ್ರೆಯೇ ಕಾರಣ ಇರಬಹುದು. ಅವರಿಗೆ ಎನ್‌ಟಿ-ಪ್ರೋಬಿಎನ್‌ಪಿ (ಪ್ರೋಬಿಎನ್‌ಪಿ ತುಂಡಾದಾಗ ಸಿಗುವ ಇನ್ನೊಂದು ತುಂಡು) ಪರೀಕ್ಷೆ ಸರಿ, ಅದನ್ನು ಆ ಕಿಣ್ವ ಕತ್ತರಿಸುವುದಿಲ್ಲ. ವರದಿ ಓದುವಾಗ ಇನ್ನೂ ಕೆಲವು ಮಾತು ನೆನಪಿರಲಿ. ವಯಸ್ಸು, ಕಿಡ್ನಿ ತೊಂದರೆ, ಮೇಲಿನ ಕೋಣೆಯ ಬಡಿತ ತಾಳ ತಪ್ಪುವುದು, ಇವೆಲ್ಲ ಅಂಕಿಯನ್ನು ಏರಿಸುತ್ತವೆ. ದಪ್ಪ ಮೈಯವರಲ್ಲಿ ಅದು ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ಗೋಡೆ ದಪ್ಪವಾಗಿದ್ದರೂ ಇನ್ನೂ ವಿಫಲವಾಗದ ಹೃದಯದಲ್ಲಿ ಅಂಕಿ ಸಾಮಾನ್ಯ ಇರಬಹುದು. ಹಾಗಾಗಿ ಬಿಪಿ ಬಂದು ವರ್ಷಗಳಾದವರು ಬಿಎನ್‌ಪಿ ನಾರ್ಮಲ್ ಅಂತ ಸುಮ್ಮನಾಗಬಾರದು. ಇಸಿಜಿ, ಒಮ್ಮೆ ಎಕೋ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಮಾಡಿಸಬೇಕೇ ಅಂತ ವೈದ್ಯರನ್ನು ಬಾಯಿಬಿಟ್ಟು ಕೇಳಬೇಕು. ಮಾತ್ರೆ ಶುರುವಾದ ಮೇಲೆ ಬಿಪಿ ಇಳಿಯಲು ವಾರಗಳು ಸಾಕು. ಗೋಡೆ ತೆಳುವಾಗಲು ಆರು ತಿಂಗಳಿಂದ ಒಂದೆರಡು ವರ್ಷ ಹಿಡಿಯಬಹುದು. ಬಿಪಿ ಈಗ ಸರಿ ಇದೆ ಅಂತ ಆ ನಡುವೆ ಮಾತ್ರೆ ನಿಲ್ಲಿಸಿದರೆ ಕರಗುತ್ತಿದ್ದ ದಪ್ಪ ಮತ್ತೆ ಬೆಳೆಯಲು ಶುರುವಾಗುತ್ತದೆ.